ಜರಡಿಯಲ್ಲಿ ಇಳಿದದ್ದೆಲ್ಲ ಬೆಳ್ಳಿಮೀನು

"ಒಂಬತ್ತು," ಅಂದಳು ನಾದಿನಿ.

"ಇನ್ನೊಂದ್ಸಲ ಎಣಿಸು."

"ಅತ್ತಿಗೆ, ಇದು ಮೂರನೇ ಸಲ. ನೀವು ಹೇಳಿದಷ್ಟು ಸಲ ಎಣಿಸಿದ್ರೆ ಚಿಪ್ಪಿಗೇ ಬೇಜಾರಾಗಿ ಹತ್ತನೇ ಗೆರೆ ಎಳ್ಕೊಳುತ್ತೆ."

ಪಂಪ್‌ಹೌಸಿನ ಮೇಜಿನ ಮೇಲೆ ಹಳೇ ಪೇಪರು ಹಾಸಿ ನೂರ ಹನ್ನೆರಡು ಕಪ್ಪೆಚಿಪ್ಪುಗಳನ್ನು ಸಾಲಾಗಿ ಜೋಡಿಸಿದ್ದರು. ಬೆಳಿಗ್ಗೆ ಕೆರೆಯ ನಾಲ್ಕು ಕಡೆ ತಳ ಕೆರೆದು ತಂದದ್ದು. ಪಕ್ಕದ ಕೋಣೆಯಲ್ಲಿ ಎರಡು ಮೋಟರು ಒಂದೇ ಸಮನೆ ಗುಂಯ್‌ಗುಡುತ್ತಿದ್ದವು. ಅದಕ್ಕೆ ಚಿಪ್ಪುಗಳೆಲ್ಲ ಸಣ್ಣಗೆ ನಡುಗುತ್ತಿದ್ದವು. ನಾದಿನಿ ಇಲ್ಲಿ ನೀರು ಪರೀಕ್ಷೆ ಮಾಡುವವಳು. ಊರು ಕುಡಿಯುವ ನೀರು ಎಷ್ಟು ತಿಳಿ, ಎಷ್ಟು ಬಗ್ಗಡ ಎಂದು ದಿನಕ್ಕೆ ಮೂರು ಸಲ ಗಾಜಿನ ಕೊಳವೆ ಎತ್ತಿ ನೋಡುವುದು ಅವಳ ಕೆಲಸ.

ಅತ್ತಿಗೆಗೆ ಊರಿಟ್ಟ ಹೆಸರು ಭೂತಗನ್ನಡಿ. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಕೂತು ಕಂಡವರ ಹೆಬ್ಬೆರಳು ನೋಡಿದವಳು. ನಿವೃತ್ತಿಯಾಗಿ ಎರಡು ವರ್ಷವಾದರೂ ಕೈಚೀಲಕ್ಕೆ ಕೈ ಹಾಕಿದರೆ ಕನ್ನಡಕಕ್ಕಿಂತ ಮೊದಲು ಸಿಗುವುದು ಹಿಡಿಯಿರುವ ದಪ್ಪ ಮಸೂರ. ಆದರೆ ಈಗ ಹಿಡಿದಿದ್ದ ಕೇಸು ಕಂಡವರದಲ್ಲ. ಕೆರೆಗೆ ಪಟ್ಟೆಮೀನು ಬಿಟ್ಟು ಹಾಳುಮಾಡಿದವನು ಬಣ್ಣದ ಮೀನಿನ ಅಂಗಡಿಯವನು, ಎಂದರೆ ಅವಳ ಒಡಹುಟ್ಟಿದ ತಮ್ಮ, ಎಂದು ಕೆರೆ ಸಮಿತಿ ದೂರು ಕೊಟ್ಟಿತ್ತು. ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಹೌದು ಎಂದಾದರೆ ಅಂಗಡಿಗೆ ಬೀಗ, ತಮ್ಮನಿಗೆ ಜೈಲು.

"ಸರಿ, ಒಂಬತ್ತು," ಎಂದು ಅವಳು ಒಪ್ಪಿಕೊಂಡಳು. "ಈಗ ನನ್ನಂಥ ದಡ್ಡಿಗೂ ತಿಳಿಯೋ ಹಾಗೆ ಹೇಳು."

"ಒಂದು ಗೆರೆ ಅಂದ್ರೆ ಒಂದು ವರ್ಷ. ಇದು ಮೂವತ್ತು ವರ್ಷದ ಮುದುಕಿ. ಇದಕ್ಕೆ ಹದಿನಾರು. ಎಲ್ಲಕ್ಕಿಂತ ಕಿರಿಯದು ಇದೇ, ಒಂಬತ್ತು. ಇದಕ್ಕಿಂತ ಎಳೇದು ಇಡೀ ಕೆರೇಲಿ ಒಂದೂ ಸಿಗ್ಲಿಲ್ಲ."

"ಒಂಬತ್ತು ವರ್ಷದಿಂದ ಮರಿಯೇ ಆಗಿಲ್ಲ?"

"ಆಗಿದಾವೆ. ಬದುಕಿಲ್ಲ. ಕಪ್ಪೆಚಿಪ್ಪಿನ ಮರಿ ಹುಟ್ಟಿದ ಕೂಡ್ಲೆ ಬೆಳ್ಳಿಮೀನಿನ ಕಿವಿರಿಗೆ ಹೋಗಿ ಕಚ್ಕೊಬೇಕು. ಕೆಲವು ವಾರ ಅಲ್ಲೇ ಪುಕ್ಕಟೆ ಸವಾರಿ. ಆಮೇಲೆ ಎಲ್ಲೋ ಉದುರಿ, ಅಲ್ಲೇ ದೊಡ್ಡದಾಗುತ್ತೆ. ಬೆಳ್ಳಿಮೀನೇ ಇಲ್ಲ ಅಂದ್ರೆ ಮರಿ ನೀರಲ್ಲಿ ಸತ್ತು ಹೋಗುತ್ತೆ."

"ಬೆಳ್ಳಿಮೀನು ಯಾಕಿಲ್ಲ?"

"ಪಟ್ಟೆಮೀನು ನುಂಗಿ ನೀರು ಕುಡೀತು. ಅಲ್ಲಿಗೆ ಮುಗೀತು ಅನ್ಕೊಂಡ್ರಾ? ನೀರು ಸೋಸ್ತಾ ಇದ್ದಿದ್ದು ಈ ಚಿಪ್ಪುಗಳು. ಅವು ಕಡಿಮೆಯಾದ್ವು, ನೀರು ಹಸಿರಾಯ್ತು. ನೀರು ಹಸಿರಾದ್ರೆ ತಳಕ್ಕೆ ಬಿಸಿಲು ಬೀಳಲ್ಲ, ತಳದಲ್ಲಿದ್ದ ಜೊಂಡು ಸತ್ತಿತು. ಬೆಳ್ಳಿಮೀನು ಮೊಟ್ಟೆ ಇಡ್ತಿದ್ದಿದ್ದು ಆ ಜೊಂಡಿನಲ್ಲೇ. ಹೀಗೆ ಒಂದರ ಬಾಲ ಇನ್ನೊಂದರ ಬಾಯಲ್ಲಿ. ಯಾರೋ ಒಂದು ಬಕೆಟ್ ಮೀನು ಸುರಿದ, ಹತ್ತು ಜೀವದ ಸಂಸಾರ ಬೀದಿಗೆ ಬಂತು."

ಭೂತಗನ್ನಡಿ ಆ ಪುಟ್ಟ ಚಿಪ್ಪನ್ನು ಅಂಗೈಯಲ್ಲಿ ಇಟ್ಟುಕೊಂಡಳು. ತಮ್ಮ ಈ ಊರಿಗೆ ಬಂದು ಅಂಗಡಿ ತೆರೆದು ಐದು ವರ್ಷ. ಪಟ್ಟೆಮೀನು ಮೊದಲು ಗಾಳಕ್ಕೆ ಸಿಕ್ಕಿದ್ದು ನಾಲ್ಕು ವರ್ಷದ ಹಿಂದೆ. ಆ ಎರಡು ತಾರೀಕನ್ನು ಪಕ್ಕದಲ್ಲಿಟ್ಟೇ ಸಮಿತಿಯವರು ಅವನ ಕೊರಳಿಗೆ ಹಗ್ಗ ಹಾಕಿದ್ದರು. ಆದರೆ ಬೆಳ್ಳಿಮೀನು ಹೋಗಿ ಒಂಬತ್ತು ವರ್ಷವಾಗಿದ್ದರೆ ಪಟ್ಟೆಮೀನು ಅದಕ್ಕಿಂತ ಮೊದಲೇ ಕೆರೆಯಲ್ಲಿತ್ತು. ಆಗ ಅಂಗಡಿಯೂ ಇಲ್ಲ, ತಮ್ಮನೂ ಇಲ್ಲ. ಅವಳಿಗೆ ಆ ಚಿಪ್ಪಿಗೆ ಮುತ್ತು ಕೊಡಬೇಕು ಅನ್ನಿಸಿತು.

"ಅಣ್ಣ ಇದ್ದಿದ್ರೆ ಈ ಚಿಪ್ಪು ಮೇಜಿನ ಮೇಲಿಡೋಕೇ ಬಿಡ್ತಿರ್ಲಿಲ್ಲ," ಎಂದು ನಾದಿನಿ ನಕ್ಕಳು. "ಕಪ್ಪೆಚಿಪ್ಪು ಅಂದ್ರೆ ಎಣ್ಣೆ ಸೀಗೆಕಾಯಿ ಅವನಿಗೆ. ಜಾಲರಿ ದಾಟಿ ಬರೋ ಬೆಳ್ಳಿಮೀನಿನ ಜೊತೆ ಬಂದು ನಮ್ಮ ತೊಟ್ಟೀಲಿ ಉದುರಿ, ಬೆಳೆದು, ಕೊಳವೆ ಬಾಯಿ ಕಟ್ಟಿಬಿಡ್ತಿದ್ವಲ್ಲ. ವಾರಕ್ಕೆರಡು ಬುಟ್ಟಿ ಎತ್ತಿ ಎತ್ತಿ ಅವನ ಸೊಂಟ ಬಿದ್ದೋಗಿತ್ತು."

ಗೋಡೆಯ ಮೇಲೆ ಅಣ್ಣ ನಗುತ್ತಿದ್ದ. ಅವನೇ ಭೂತಗನ್ನಡಿಯ ಗಂಡ. ಇದೇ ಪಂಪ್‌ಹೌಸಿನ ಮೇಲ್ವಿಚಾರಕನಾಗಿದ್ದು, ತೀರಿಕೊಂಡು ಆರು ವರ್ಷ. ಹಳದಿ ಟೋಪಿ ಹಾಕಿಕೊಂಡು ತೆಗೆಸಿದ ಫೋಟೋ, ಅದರ ಕೆಳಗೊಂದು ಪ್ರಶಸ್ತಿ ಪತ್ರ, ಎರಡಕ್ಕೂ ಒಂದೇ ಕಟ್ಟು. ಅವಳು ಅಭ್ಯಾಸಬಲದಿಂದ ಕೈವಸ್ತ್ರ ತೆಗೆದು ಗಾಜು ಒರೆಸಿದಳು, ಮುಖ ನೋಡಿದಳು, ಮುಂದಿನ ಕೆಲಸಕ್ಕೆ ಹೊರಟಳು.

ಬಾಗಿಲ ಹತ್ತಿರ ಅವಳ ಕಾಲು ನಿಂತಿತು.

"ತಡಿ. ಸಮಿತಿಯ ಎಣಿಕೆ ಪುಸ್ತಕದ ನಕಲು ನನ್ನ ಹತ್ರ ಇದೆ." ಅವಳು ಚೀಲದಿಂದ ಹಾಳೆಗಳನ್ನು ಎಳೆದಳು. "ಪ್ರತಿ ವಾರ ದಡದಲ್ಲಿ ಬಲೆ ಹಾಕಿ ಎಣಿಸ್ತಾರೆ. ಬೆಳ್ಳಿಮೀನು, ನಲವತ್ತು. ನಲವತ್ತೆರಡು. ಮೂವತ್ತೆಂಟು. ಇದು ಏಳು ವರ್ಷದ ಹಿಂದಿಂದು. ಇದು ಹೋದ ತಿಂಗಳಿಂದು, ನಲವತ್ತೊಂದು!"

ನಾದಿನಿ ಹಾಳೆ ನೋಡಿದಳು, ಚಿಪ್ಪು ನೋಡಿದಳು, ಅತ್ತಿಗೆಯ ಮುಖ ನೋಡಿದಳು.

"ಬೆಳ್ಳಿಮೀನು ಇದ್ರೆ ಚಿಪ್ಪಿನ ಮರಿ ಇರ್ಬೇಕು ಅತ್ತಿಗೆ."

"ಮರಿ ಇಲ್ಲ."

"ಮರಿ ಇಲ್ಲ ಅಂದ್ರೆ ಬೆಳ್ಳಿಮೀನು ಇಲ್ಲ."

"ಬೆಳ್ಳಿಮೀನು ಇದೆ. ನಲವತ್ತೊಂದು."

ಚಿಪ್ಪು ಸುಳ್ಳು ಹೇಳುವುದಿಲ್ಲ, ಹೇಳಲು ಅದಕ್ಕೆ ಬಾಯಿಲ್ಲ. ಪುಸ್ತಕ ಬರೆದವರು ಊರಿಗೆಲ್ಲ ಪಾಠ ಹೇಳಿದ ಮೇಷ್ಟ್ರು, ಸುಳ್ಳು ಬರೆಯುವವರಲ್ಲ. ಭೂತಗನ್ನಡಿಯ ತಲೆ ಮೊಸರುಗಡಿಗೆಯಾಯಿತು.

ದೋಣಿಗಟ್ಟೆಯಲ್ಲಿ ತಲೆ ಇನ್ನಷ್ಟು ಕೆಟ್ಟಿತು.

ದೋಣಿಯವನು ಮೋಟರಿಗೆ ಗ್ರೀಸು ಹಚ್ಚುತ್ತಿದ್ದ. ಮೀನಿನ ಗಾಳ ಹಿಡಿದು ದೂರದಿಂದ ಬರುವವರನ್ನು ನಡುನೀರಿಗೆ ಕರೆದೊಯ್ಯುವುದು ಅವನ ಕಸುಬು. ಅವರು ಬರುವುದೇ ಪಟ್ಟೆಮೀನಿಗಾಗಿ. ಲಾಭ ಯಾರಿಗೋ ಅಪರಾಧಿ ಅವನೇ ಎಂಬುದು ಇಲಾಖೆಯಲ್ಲಿ ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ.

"ಮೊದಲ ಪಟ್ಟೆಮೀನು ಹಿಡಿದೋನು ನೀನೇ ಅಲ್ವೇನಪ್ಪಾ?"

"ಹೌದು, ಅದಕ್ಕೇನೀಗ? ನಾನು ಬಿಟ್ಟಿಲ್ಲ!"

"ನಾನು ಬಿಟ್ಟೆ ಅಂದ್ನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅವನು ತಲೆಯ ಮೇಲಿನ ಹಳದಿ ಟೋಪಿಯನ್ನು ಮುಂದಕ್ಕೆಳೆದುಕೊಂಡ.

"ನೋಡಿಮ್ಮಾ, ಈ ಕೆರೆಗೆ ದೋಣಿ ಇಳಿಸೋಕೆ ಲೈಸನ್ಸ್ ಸಿಕ್ಕಿದ್ದೇ ನಾಲ್ಕು ವರ್ಷದ ಹಿಂದೆ. ಅಲ್ಲೀತನಕ ನಡುನೀರಿಗೆ ಯಾರೂ ಹೋಗಿರ್ಲಿಲ್ಲ. ಹೋದ ಮೊದಲ ದಿನಾನೇ ತೋಳುದ್ದದ್ದು ಸಿಕ್ತು. ಮೊದಲ ದಿನಾನೇ! ಅಷ್ಟುದ್ದ ಬೆಳೆಯೋಕೆ ಅದಕ್ಕೆ ಎಷ್ಟು ವರ್ಷ ಬೇಕು, ನೀವೇ ಹೇಳಿ."

ಅದೂ ಸರಿಯೇ. ದೊಡ್ಡ ಪಟ್ಟೆಮೀನು ಆಳದಲ್ಲಿರುತ್ತದೆ. ಸಮಿತಿಯ ಬಲೆ ದಡದಲ್ಲಿ ಬೀಳುತ್ತದೆ. ಯಾರೂ ನೋಡದಿದ್ದರೆ ಇರಲಿಲ್ಲ ಎಂದಲ್ಲ.

"ನೀನು ಈ ಊರಿಗೆ ಬಂದು ಎಷ್ಟು ವರ್ಷ ಆಯ್ತು?"

"ಬರೋದೇನು ಬಂತು, ಹುಟ್ಟಿದ್ದೇ ಈ ದಡದಲ್ಲಿ."

ಹಾಗಾದರೆ ಒಂಬತ್ತು ವರ್ಷ, ಹತ್ತು ವರ್ಷದ ಹಿಂದೆ ಇವನು ಇಲ್ಲೇ ಇದ್ದ. ಅವಳು ಅವನ ಹೆಸರಿನ ಮುಂದೆ ಮನಸ್ಸಿನಲ್ಲೇ ಒಂದು ಗುರುತು ಹಾಕಿಕೊಂಡು ಸಮಿತಿಯ ಕೋಣೆಯ ಮೆಟ್ಟಿಲು ಹತ್ತಿದಳು.

ಸಮಿತಿಯ ಕೋಣೆ ಎಂದರೆ ಒಂದು ಉದ್ದ ಮೇಜು, ಆರು ಕುರ್ಚಿ, ಗೋಡೆಯುದ್ದ ಗಾಜಿನ ಕಪಾಟು. ಕಪಾಟಿನಲ್ಲಿ ಸ್ಪಿರಿಟ್ಟಿನಲ್ಲಿ ಮುಳುಗಿಸಿಟ್ಟ ಮೀನಿನ ಬಾಟಲಿಗಳು, ವರ್ಷಕ್ಕೊಂದರಂತೆ ಇಪ್ಪತ್ತೊಂದು. ಪ್ರತಿಯೊಂದರ ಬಾಯಿಗೂ ಬಟ್ಟೆ ಸುತ್ತಿ ದಾರ ಕಟ್ಟಿತ್ತು. ಮೇಷ್ಟ್ರು ಕಿಟಕಿಯ ಹತ್ತಿರ ಕೂತು ನಾಳೆಯ ವಿಚಾರಣೆಗೆ ಕಾಗದ ಸರಿಮಾಡುತ್ತಿದ್ದರು. ಅವಳ ತಮ್ಮನ ಮೇಲೆ ದೂರು ಬರೆದವರೂ ಅವರೇ, ಈ ಊರಿಗೆ ವರ್ಗವಾಗುವ ಮುಂಚೆ ತವರೂರಿನಲ್ಲಿ ಅವಳಿಗೆ ಆರನೇ ಕ್ಲಾಸಿನ ವಿಜ್ಞಾನ ಹೇಳಿಕೊಟ್ಟವರೂ ಅವರೇ.

"ಬಾಮ್ಮಾ. ತಮ್ಮನ ಪರವಾಗಿ ಬೇಡಿಕೊಳ್ಳೋಕೆ ಬಂದಿದ್ರೆ ಕೂರೋದೇ ಬೇಡ."

"ಇಲ್ಲ ಮೇಷ್ಟ್ರೇ. ಬೆಳ್ಳಿಮೀನು ನೋಡೋಕೆ ಬಂದೆ."

"ಆ?"

"ವಾರಕ್ಕೆ ನಲವತ್ತು ಎಣಿಸ್ತೀರಲ್ಲ. ಒಂದು ತೋರಿಸಿ."

ಮೇಷ್ಟ್ರಿಗೆ ಯಾರಾದರೂ ತೋರಿಸಿ ಅಂದರೆ ಸಾಕು, ಸಿಟ್ಟೆಲ್ಲ ಮರೆಯುತ್ತದೆ. ಎದ್ದು ಕಪಾಟು ತೆರೆದರು. "ಇದು ನಾವು ಎಣಿಕೆ ಶುರುಮಾಡಿದ ವರ್ಷದ್ದು. ಇಪ್ಪತ್ತು ವರ್ಷದ ಹಿಂದಿನದು. ಇದು ಈ ವರ್ಷದ್ದು. ಒಂದು ವಾರಾನೂ ತಪ್ಪಿಸಿಲ್ಲಮ್ಮ. ನನ್ನ ಮಗಳ ಮದುವೆ ದಿನಾನೂ ಹೋಗಿ ಎಣಿಸಿ ಬಂದೆ."

ಅವಳು ಎರಡು ಬಾಟಲಿಗಳನ್ನೂ ಕಿಟಕಿಯ ಬೆಳಕಿಗೆ ಪಕ್ಕಪಕ್ಕದಲ್ಲಿ ಇಟ್ಟು ಮಸೂರ ಹಿಡಿದಳು. ಮೂವತ್ತೊಂದು ವರ್ಷ ಮಾಡಿದ್ದು ಇದೊಂದೇ ಕೆಲಸ: ಒಂದೇ ಥರ ಕಾಣುವ ಎರಡನ್ನು ಜೊತೆಗಿಟ್ಟು, ಎಲ್ಲಿ ಬೇರೆ ಎಂದು ಹುಡುಕುವುದು. ಒಂದೇ ಉದ್ದ, ಒಂದೇ ದಪ್ಪ, ಅದೇ ಬೆಳ್ಳಿ ಹೊಳಪು.

"ಮೇಷ್ಟ್ರೇ, ಇದರ ಬಾಲ ಕತ್ತರಿ ಬಿಚ್ಚಿದ ಹಾಗೆ ಸೀಳಿದೆ."

"ಬೆಳ್ಳಿಮೀನಿನ ಬಾಲ ಇರೋದೇ ಹಾಗೆ."

"ಇದರ ಬಾಲ ಬೀಸಣಿಗೆ ಥರ ಗುಂಡಗಿದೆ."

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಬೆಳ್ಳಿಮೀನು ಅಂತ ಹೇಗೆ ಗುರ್ತು ಹಿಡೀತೀರಿ?" ಎಂದಳು ಅವಳು.

ಉತ್ತರವಾಗಿ ಅವರು ಗೋಡೆಯ ಮೊಳೆಯ ಕಡೆ ಕೈ ತೋರಿಸಿದರು. ಅಲ್ಲಿ ಒಂದು ಜರಡಿ ನೇತಾಡುತ್ತಿತ್ತು. ಎರಡು ಬೆರಳಗಲದ ಕಣ್ಣು, ಸುತ್ತ ಮರದ ಬಳೆ, ಇಪ್ಪತ್ತು ವರ್ಷ ಹಿಡಿದು ಹಿಡಿದು ನುಣುಪಾದ ಮರ.

"ಬಲೇಲಿ ಬಿದ್ದದ್ದನ್ನ ಜರಡಿಗೆ ಹಾಕ್ತೀವಿ. ಮೇಲೆ ಉಳಿದವು ಬೇರೆ ಬೇರೆ ಮೀನು, ಒಂದೊಂದಾಗಿ ನೋಡಿ ಬರೀತೀವಿ. ಕೆಳಗಿಳಿದವು ಬೆಳ್ಳಿಮೀನು. ಈ ಕೆರೇಲಿ ದಡದ ಹತ್ರ ಅಷ್ಟು ಸಣ್ಣ ಮೀನು ಬೇರೆ ಯಾವುದೂ ಇಲ್ಲ. ನಾನೇ ಮಾಡಿದ ಉಪಾಯ. ಮೀನಿಗೂ ಕೈ ತಾಗಲ್ಲ, ಕೆಲಸಾನೂ ಬೇಗ."

"ಬೇರೆ ಯಾವುದೂ ಇರ್ಲಿಲ್ಲ, ಮೇಷ್ಟ್ರೇ. ಆಗ."

"ಅಂದ್ರೆ?"

"ಪಟ್ಟೆಮೀನಿಗೆ ಪಟ್ಟೆ ಯಾವಾಗ ಬರುತ್ತೆ?"

"ಗೇಣುದ್ದ ಆದ್ಮೇಲೆ. ಮರಿ ಇದ್ದಾಗ ಅದು..."

ಮಾತು ಅಲ್ಲಿಗೇ ನಿಂತಿತು. ಮರಿ ಇದ್ದಾಗ ಅದು ಬೆಳ್ಳಗೆ ಹೊಳೆಯುತ್ತದೆ, ಎರಡು ಬೆರಳಗಲದ ಕಣ್ಣಲ್ಲಿ ಸಲೀಸಾಗಿ ಇಳಿಯುತ್ತದೆ. ಅದನ್ನು ಅವರು ಹೇಳಬೇಕಾಗಿರಲಿಲ್ಲ.

"ಇಲ್ಲ," ಎಂದರು ಮೇಷ್ಟ್ರು. ದನಿ ಏರಿತು. "ತಮ್ಮನ್ನ ಉಳಿಸೋಕೆ ನನ್ನ ಎಣಿಕೇನೇ ಸುಳ್ಳು ಅಂತೀಯಾ? ಇಪ್ಪತ್ತು ವರ್ಷ! ನೀನು ಆರನೇ ಕ್ಲಾಸಲ್ಲೂ ಹೀಗೇ, ಉತ್ತರ ಮೊದಲೇ ಬರೆದಿಟ್ಕೊಂಡು ಲೆಕ್ಕ ಮಾಡ್ತಿದ್ದೆ."

"ನನ್ನ ಮಾತು ನಂಬಬೇಡಿ. ಬಾಟಲಿಗಳು ನಿಮ್ಮವೇ. ಸಾಲಾಗಿ ಇಡಿ."

ಇಟ್ಟರು. ಮೊದಲನೇ ವರ್ಷ, ಸೀಳು ಬಾಲ. ಎರಡನೇ ವರ್ಷ, ಸೀಳು ಬಾಲ. ಹತ್ತು ಬಾಟಲಿಯವರೆಗೂ ಸೀಳು ಬಾಲವೇ. ಹನ್ನೊಂದನೆಯದರಲ್ಲಿ, ಚೀಟಿಯ ಪ್ರಕಾರ ಹತ್ತು ವರ್ಷದ ಹಿಂದೆ ಸಿಕ್ಕಿದ ಮೀನಿನಲ್ಲಿ, ಬೀಸಣಿಗೆ. ಅದಾದ ಮೇಲೆ ಒಂದು ಕತ್ತರಿ, ಆಮೇಲೆ ಬರೀ ಬೀಸಣಿಗೆ, ಈ ವರ್ಷದವರೆಗೆ.

ಮೇಷ್ಟ್ರು ಹನ್ನೊಂದನೇ ಬಾಟಲಿಯ ಚೀಟಿಯನ್ನು ಇನ್ನೊಮ್ಮೆ ಓದಿದರು.

"ತಿನ್ನೋದನ್ನ ಎಣಿಸಿ, ತಿನ್ನಿಸ್ಕೊಂಡಿದ್ದರ ಹೆಸರಲ್ಲಿ ಬರೆದೆನಲ್ಲಮ್ಮಾ," ಎಂದರು. "ಎಲ್ಲಾ ಚೆನ್ನಾಗಿದೆ, ಎಲ್ಲಾ ಚೆನ್ನಾಗಿದೆ ಅಂತ ಪ್ರತಿ ವಾರ ಬರೆದೆ."

ಅವಳಿಗೆ ಪಾಪ ಅನ್ನಿಸಿತು. ಆದರೆ ಪಾಪದ ಪಕ್ಕದಲ್ಲೇ ಸಂತೋಷ ಉಕ್ಕುತ್ತಿತ್ತು, ಅದನ್ನು ಅದುಮಿಡಲು ಆಗಲಿಲ್ಲ. ಚಿಪ್ಪು ಹೇಳಿದ್ದೂ ನಿಜ, ಪುಸ್ತಕ ಹೇಳಿದ್ದಕ್ಕೂ ಕಾರಣ ಸಿಕ್ಕಿತು. ಪಟ್ಟೆಮೀನಿಗೆ ಹತ್ತು ವರ್ಷ, ತಮ್ಮನ ಅಂಗಡಿಗೆ ಐದು. ಇನ್ನೇನು ಬೇಕು?

"ಈ ಹನ್ನೊಂದನೇ ಬಾಟಲಿ ನಾಳೆ ಮೇಜಿನ ಮೇಲಿರ್ಬೇಕು ಮೇಷ್ಟ್ರೇ. ಮೊದಲನೇ ಸಾಕ್ಷಿ ಅಂತ ಬರ್ಕೊಳ್ಳಿ. ಹಾಜರುಪಡಿಸಿದವರು ಅಂತ ನಾನೇ ಸಹಿ ಹಾಕ್ತೀನಿ."

ಮೇಷ್ಟ್ರು ಎಂಥ ಸ್ಥಿತಿಯಲ್ಲೂ ಬರೆಯುವುದನ್ನು ಬಿಡುವವರಲ್ಲ. ಕಾರ್ಬನ್ ಇಟ್ಟು ಬರೆದರು. ಅವಳು ಒತ್ತಿ ಸಹಿ ಹಾಕಿದಳು, ಒಂದು ಪ್ರತಿ ಮಡಚಿ ಚೀಲಕ್ಕಿಟ್ಟಳು. ಮೊದಲು ನೋಡು, ಆಮೇಲೆ ಬರಿ, ಎಲ್ಲಕ್ಕೂ ಕೊನೆಗೆ ಸಹಿ ಎಂದು ಎಷ್ಟು ಜನ ಹೊಸಬರಿಗೆ ಹೇಳಿಕೊಟ್ಟಿದ್ದಳೋ. ಖುಷಿಯಲ್ಲಿ ತನ್ನ ಪಾಠ ತನಗೇ ಮರೆತಿತ್ತು.

"ಇದನ್ನ ಹಿಡಿದು ತಂದಿದ್ದು ಯಾರು?" ಎಂದು ಕೇಳಿದಳು.

"ಹೆಸರು ಬರೆದಿಲ್ಲ. ನಮ್ಮ ಬಲೇದಲ್ಲ ಅದು. ಯಾರೋ ಹೊರಗಿನವನು, ನನಗಿಂತ ತುಂಬಾ ಚಿಕ್ಕವನು. ಇದು ಈ ಕೆರೆ ಮೀನಾ ಸ್ವಲ್ಪ ನೋಡಿ ಸಾರ್, ಅಂದ. ಜರಡೀಲಿ ಹಾಕ್ದೆ, ಇಳೀತು. ಬೆಳ್ಳಿಮೀನೇ ಕಣಯ್ಯಾ ಅಂದೆ. ಇನ್ನೊಂದ್ಸಲ ನೋಡಿ ಸಾರ್ ಅಂದ. ನಂಗೆ ಸಿಟ್ಟು ಬಂತು." ಮೇಷ್ಟ್ರು ತಲೆ ತಗ್ಗಿಸಿದರು. "ಆ ವರ್ಷದ ಬಾಟಲಿ ಇನ್ನೂ ಖಾಲಿ ಇತ್ತು. ಅದನ್ನೇ ಹಾಕಿಟ್ಟೆ."

"ಮುಖ ನೆನಪಿದೆಯಾ?"

"ಮೀನು ನೋಡೋನು ನಾನು, ಮುಖ ಎಲ್ಲಿ ನೋಡ್ತೀನಿ? ಜೊತೆಗೆ ಇನ್ನೊಬ್ಬ ಇದ್ದ, ಒಳಗೆ ಬರ್ಲಿಲ್ಲ. ಕಾಂಪೌಂಡ್ ಗೋಡೆ ಆಚೆ ಹಳದಿ ಟೋಪಿ ಮಾತ್ರ ಕಾಣ್ತಿತ್ತು."

ದೋಣಿಯವ!

"ಹೆಸರಿಲ್ದಿದ್ರೇನು," ಎಂದರು ಮೇಷ್ಟ್ರು, "ಬಟ್ಟೆ ಬಿಚ್ಚಿ ನೋಡು. ಮೀನು ತಂದವರು ಮುಚ್ಚಳದ ಮೇಣ ಆರೋ ಮುಂಚೆ ಹೆಬ್ಬೆಟ್ಟು ಒತ್ತಬೇಕು ಅನ್ನೋದು ನಮ್ಮಲ್ಲಿ ಮೊದಲಿಂದ ಇರೋ ಪದ್ಧತಿ. ಆಮೇಲೆ ಯಾರೂ ಬಾಟಲಿ ಬದಲಾಯಿಸಿದ್ರು ಅನ್ನಬಾರದಲ್ಲ. ನಿನ್ನ ಕಸುಬೇ ತಾನೇ?"

ಮೇಷ್ಟ್ರು ಬೀಗದ ಕೈ ಹುಡುಕಲು ಒಳಕೋಣೆಗೆ ಹೋದರು. ಅವಳು ದಾರ ಬಿಚ್ಚಿದಳು.

ಹಳೇ ಮೇಣ ಹಳದಿ ಬಣ್ಣಕ್ಕೆ ತಿರುಗಿತ್ತು. ಬಟ್ಟೆ ಸುತ್ತಿದ್ದರಿಂದ ಗುರುತು ನಿನ್ನೆ ಒತ್ತಿದಷ್ಟು ಸ್ಪಷ್ಟ. ಮೇಣದಲ್ಲಿ ಬೆರಳಿನ ಏಣು ತಗ್ಗಾಗಿರುತ್ತದೆ, ತಗ್ಗು ಏಣಾಗಿರುತ್ತದೆ. ಓದುವವರಿಗೆ ಅದೊಂದು ಕಷ್ಟವೇ ಅಲ್ಲ. ಬಲಗೈ ಹೆಬ್ಬೆರಳು. ನಡುವೆ ಸುಳಿ. ಸುಳಿಯನ್ನು ಅಡ್ಡಡ್ಡ ಸೀಳಿಕೊಂಡು ಹೋದ ಹಳೇ ಗಾಯದ ಗೆರೆ.

ಅವಳು ಮಸೂರವನ್ನು ಮೇಜಿನ ಮೇಲೆ ಕವುಚಿ ಇಟ್ಟಳು.

ಆ ಗಾಯ ಮಾಡಿದವಳೇ ಅವಳು. ಆಗ ಅವಳಿಗೆ ಹದಿನಾಲ್ಕು, ತಮ್ಮನಿಗೆ ಆರು. 'ಅಕ್ಕಾ, ನನ್ನನ್ನೂ ಕರ್ಕೊಂಡು ಹೋಗು' ಎಂದು ಹಿಂದೆ ಓಡಿಬಂದವನ ಮೇಲೆ ಬಾಗಿಲು ಎಳೆದುಕೊಂಡಿದ್ದಳು, ಸಂದಿಯಲ್ಲಿ ಅವನ ಬೆರಳಿರುವುದನ್ನು ನೋಡದೆ. ಮುಂದೆ ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಅಭ್ಯಾಸಕ್ಕೆಂದು ಮಸಿ ಹಚ್ಚಿ ನೂರಾರು ಸಲ ಒತ್ತಿಸಿದ್ದೂ ಅದೇ ಹೆಬ್ಬೆರಳನ್ನು. ಲೋಕದ ಎಲ್ಲ ಬೆರಳು ಮರೆತರೂ ಅದೊಂದನ್ನು ಅವಳು ಮರೆಯುವಂತಿರಲಿಲ್ಲ.

ಹತ್ತು ವರ್ಷದ ಹಿಂದೆ ತಮ್ಮ ಇಲ್ಲಿಗೆ ಬಂದಿದ್ದ! ಅಂಗಡಿ ತೆರೆಯುವ ಮುಂಚೆ ಈ ಕೆರೆಯ ಮುಖವನ್ನೇ ನೋಡಿರಲಿಲ್ಲ ಎಂದು ಅವನೇ ಹೇಳಿದ್ದ. ಅದನ್ನು ನಂಬಿ ಅವಳು ಹೇಳಿಕೆ ಬರೆದುಕೊಟ್ಟಿದ್ದಳು. ಆಗ ಅವನು ಎಲ್ಲೋ ದೂರದ ಮೀನುಮರಿ ಸಾಕುವ ಕೇಂದ್ರದಲ್ಲಿ ಕೆಲಸಕ್ಕಿದ್ದ. ಮೀನುಮರಿ.

ಅವನೇ ಬಿಟ್ಟಿದ್ದರೆ ಮೇಷ್ಟ್ರ ಹತ್ತಿರ ತಂದು ಇನ್ನೊಂದು ಸಲ ನೋಡಿ ಎಂದು ಯಾಕೆ ಬೇಡಿಕೊಂಡ? ಬಿಡದಿದ್ದರೆ ಇಷ್ಟು ವರ್ಷ ಯಾಕೆ ಬಾಯಿ ಮುಚ್ಚಿಕೊಂಡ? ದೋಣಿಯವನಿಗೂ ಅವನಿಗೂ ಏನು ನಂಟು? ಒಂದು ಗಂಟು ಬಿಚ್ಚಿದರೆ ಹತ್ತು ಗಂಟು ಬೀಳುತ್ತಿತ್ತು.

ಒಳಕೋಣೆಯಲ್ಲಿ ಡ್ರಾಯರ್ ಎಳೆಯುವ ಸದ್ದು ಕೇಳಿತು. ಮೇಣ ಮೆತ್ತಗಿತ್ತು. ಉಗುರಿನಿಂದ ಒಂದು ಗೀರು ಎಳೆದರೆ ಸಾಕು, ಆ ಸುಳಿ ಯಾರದ್ದೂ ಅಲ್ಲ. ಅವಳ ಉಗುರು ಮೇಣದ ಅಂಚಿನವರೆಗೂ ಹೋಯಿತು. ಎಷ್ಟು ಜನ ಇದೇ ಕೆಲಸ ಮಾಡಿದ್ದನ್ನು ಕಂಡುಹಿಡಿದು ಅವಳು ಜೈಲಿಗೆ ಕಳಿಸಿರಲಿಲ್ಲ!

"ಯಾರು ಅಂತ ಗೊತ್ತಾಯ್ತೇನಮ್ಮಾ?" ಮೇಷ್ಟ್ರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು.

ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ನೋಡ್ಬೇಕು ಮೇಷ್ಟ್ರೇ."

"ನಾಳೆ ಇಲಾಖೆಯಿಂದ ಬೆರಳಚ್ಚಿನವರನ್ನೇ ಕರೆಸ್ತೀನಿ ಬಿಡು. ಆ ಮನುಷ್ಯನ್ನ ಹುಡುಕಿ ನಾನು ಕ್ಷಮೆ ಕೇಳ್ಬೇಕು," ಎಂದು ಅವರು ಬಾಟಲಿ ಕಪಾಟಿಗಿಟ್ಟು ಬೀಗ ತಿರುಗಿಸಿದರು.

ತನ್ನ ಸಹಿಯಿಂದಲೇ ಅವಳು ತಮ್ಮನ ಹೆಬ್ಬೆರಳನ್ನು ಬೀಗದೊಳಗೆ ಇಡಿಸಿದ್ದಳು.

ಅಂಗಡಿಗೆ ಬಂದಾಗ ಸಂಜೆಯ ಬಿಸಿಲು ಗಾಜಿನ ತೊಟ್ಟಿಗಳ ಮೂಲಕ ಹಾದು ನೆಲದ ಮೇಲೆ ಅಲುಗಾಡುತ್ತಿತ್ತು. ತಮ್ಮ ರಬ್ಬರ್ ಪೈಪು ಹಿಡಿದು ಒಂದು ತೊಟ್ಟಿಯ ಕೊಳೆ ನೀರನ್ನು ಬಕೆಟ್ಟಿಗೆ ಇಳಿಸುತ್ತಿದ್ದ. ಗಿರಾಕಿಗಳು ಬಾರದೆ ತಿಂಗಳಾಗಿತ್ತು, ಆದರೂ ಮೀನಿನ ನೀರು ಬದಲಾಯಿಸುವುದನ್ನು ಅವನು ಬಿಟ್ಟಿರಲಿಲ್ಲ. ಅಕ್ಕನ ಮುಖ ನೋಡಿದವನು ಪೈಪು ಕೆಳಗಿಟ್ಟ.

"ಬಾಟಲಿ ಸಿಕ್ತಾ ಅಕ್ಕಾ?"

ಅವಳು ಬಾಟಲಿಯ ವಿಷಯ ಇನ್ನೂ ಬಾಯಿ ಬಿಟ್ಟಿರಲಿಲ್ಲ.

"ಕೈ ತೋರಿಸು," ಎಂದಳು. ಅವನು ಒದ್ದೆ ಕೈ ಚಾಚಿದ. ನೋಡುವ ಅಗತ್ಯವಿರಲಿಲ್ಲ, ಆದರೂ ಆ ಹೆಬ್ಬೆರಳನ್ನು ಹಿಡಿದುಕೊಂಡು ನಿಂತಳು. "ನನಗೆ ಸುಳ್ಳು ಹೇಳ್ದೆ."

"ಹೇಳ್ದೆ."

"ಪಟ್ಟೆಮೀನು ನೀನು ಬಿಟ್ಯಾ?"

"ಇಲ್ಲ. ಬಿಟ್ಟಾಗಿತ್ತು. ಇದು ಯಾವ ಮೀನು ಬಂದು ನೋಡು ಅಂತ ನನ್ನನ್ನ ಕರೆಸಿದ್ರು, ಬೆಳಿಗ್ಗೆ ಬಸ್ಸಲ್ಲಿ ಬಂದು ಮಧ್ಯಾಹ್ನದ ಬಸ್ಸಿಗೆ ಹೋದೆ. ನೋಡಿದ ಕೂಡ್ಲೆ ಗೊತ್ತಾಯ್ತು, ಇದು ಕೆರೆ ಬೋಳಿಸೋ ಮೀನು ಅಂತ. ಮೇಷ್ಟ್ರಿಗೆ ತೋರಿಸೋಣ ಅಂತ ನಾನೇ ಹಟ ಹಿಡಿದೆ. ಅವರು ಬೆಳ್ಳಿಮೀನು ಅಂದು ಕಳಿಸಿದ್ರು."

"ಕರೆಸಿದ್ದು ಯಾರು? ದೋಣಿಯವನಾ?"

ತಮ್ಮನ ಮುಖದಲ್ಲಿ ಮೊದಲು ಆಶ್ಚರ್ಯ ಕಾಣಿಸಿತು, ಆಮೇಲೆ ಕನಿಕರ. ಅಕ್ಕನನ್ನು ಅವನು ಎಂದೂ ಹಾಗೆ ನೋಡಿರಲಿಲ್ಲ.

"ಹೇಳಲ್ಲ. ನಿನ್ನ ಮೇಲೆ ಆಣೆ ಹಾಕಿಸ್ಕೊಂಡಿದ್ದಾರೆ."

"ನನ್ನ ಮೇಲಾ? ನಾಳೆ ಜೈಲಿಗೆ ಹೋಗ್ತೀಯೋ!"

"ಹೋಗ್ತೀನಿ. ಅವರು ಕೆಟ್ಟದ್ದು ಮಾಡ್ಬೇಕು ಅಂತ ಮಾಡಿದ್ದಲ್ಲ ಅಕ್ಕಾ. ಒಂದು ಕಾಟ ತಪ್ಪಿಸೋಕೆ ಹೋಗಿ..."

ಹೊರಗೆ ಸೈಕಲ್ಲು ಸ್ಟ್ಯಾಂಡ್ ಹಾಕಿದ ಸದ್ದು. ನಾದಿನಿ ಏದುಸಿರು ಬಿಡುತ್ತ ಒಳಗೆ ಬಂದಳು. ಎದೆಗವಚಿಕೊಂಡು ಪೇಪರಿನಲ್ಲಿ ಸುತ್ತಿದ ಏನನ್ನೋ ತಂದಿದ್ದಳು.

"ಅತ್ತಿಗೆ, ಇಡೀ ದಿನ ಇದರ ಕೆಳಗೇ ಕೂತು ಚಿಪ್ಪು ಎಣಿಸಿದ್ವಲ್ಲ, ನಮ್ಮಂಥ ದಡ್ಡಿಯರು ಉಂಟಾ! ಚಿಪ್ಪು ಯಾವಾಗ ನಿಂತ್ವು ಅಂತ ತಾರೀಕಿನ ಸಮೇತ ಬರೆದಿದೆ. ಸರ್ಕಾರಿ ಮೊಹರೂ ಇದೆ. ನಾಳೆ ಯಾರೂ ಇಲ್ಲ ಅನ್ನೋ ಹಾಗಿಲ್ಲ!"

ಪೇಪರು ಬಿಚ್ಚಿದಳು. ಪಂಪ್‌ಹೌಸಿನ ಗೋಡೆಯ ಮೇಲಿದ್ದ ಕಟ್ಟು. ತಮ್ಮ ಅದನ್ನು ನೋಡಿದವನೇ ಮುಖ ತಿರುಗಿಸಿ, ತೊಟ್ಟಿಯ ಗಾಜಿಗೆ ಹಣೆ ಒತ್ತಿ ನಿಂತ.

ಭೂತಗನ್ನಡಿ ಆರು ವರ್ಷದಿಂದ ಒರೆಸುತ್ತಿದ್ದ ಗಾಜಿನ ಕೆಳಗಿನ ಅಕ್ಷರಗಳನ್ನು ಆವತ್ತು ಮೊದಲ ಸಲ ಓದಿದಳು. ಎಂಟು ವರ್ಷದ ಹಿಂದಿನ ತಾರೀಕು. 'ನೀರೆಳೆಯುವ ತೊಟ್ಟಿಗೆ ಕಾಟ ಕೊಡುತ್ತಿದ್ದ ಕಪ್ಪೆಚಿಪ್ಪುಗಳನ್ನು, ಯಾವ ಯಂತ್ರದ ನೆರವೂ ಇಲ್ಲದೆ, ಸ್ವಂತ ಉಪಾಯದಿಂದ ಸಂಪೂರ್ಣ ನಿವಾರಿಸಿದ್ದಕ್ಕಾಗಿ.' ಮೇಲೆ ಗಂಡ ನಗುತ್ತಿದ್ದ. ಹಳದಿ ಟೋಪಿ. ಬೆಳ್ಳಿಮೀನನ್ನು ನುಂಗುವ ಮೀನು ತಂದು ಬಿಟ್ಟರೆ ತೊಟ್ಟಿಗೆ ಚಿಪ್ಪು ಬರುವುದು ತಾನಾಗಿ ನಿಲ್ಲುತ್ತದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಅವಳು ಊರೆಲ್ಲ ಹುಡುಕಿದ್ದಳು.

ಆ ಉಪಾಯ ಏನು ಎಂದು ಅವಳು ಅವನನ್ನು ಒಂದು ದಿನವೂ ಕೇಳಿರಲಿಲ್ಲ. ಊರಿನ ಕಳ್ಳರನ್ನೆಲ್ಲ ಕೇಳಿದವಳು ಮನೆಯಲ್ಲಿ ಎದುರಿಗೆ ಕೂತು ಉಂಡವನನ್ನು ಕೇಳಲಿಲ್ಲ.

"ಇದನ್ನ ವಾಪಸ್ ತಗೊಂಡು ಹೋಗು," ಎಂದಳು. "ಈಗಲೇ. ಗೋಡೆಗೆ ಹಾಕ್ಬಿಡು."

"ಯಾಕತ್ತಿಗೆ?" ನಾದಿನಿ ನಗುತ್ತಲೇ ಇದ್ದಳು. ಕಟ್ಟನ್ನು ತನ್ನ ಬಟ್ಟೆಯಿಂದಲೇ ಇನ್ನೊಮ್ಮೆ ಒರೆಸಿದಳು. "ಮೇಷ್ಟ್ರಿಗೆ ಆಗಲೇ ಫೋನ್ ಮಾಡಿ ಓದಿ ಹೇಳ್ದೆ. ಎರಡನೇ ಸಾಕ್ಷಿ ಅಂತ ಬರ್ಕೊಂಡ್ರು. ಉಪಾಯ ಅಂದ್ರೆ ಏನು ಉಪಾಯ ಅಂತ ಎರಡೆರಡು ಸಲ ಕೇಳಿದ್ರು. ನಂಗೇನು ಗೊತ್ತು, ನಮ್ಮತ್ತಿಗೇನೇ ಕೇಳಿ, ಅಣ್ಣ ಅವರ ಹತ್ರ ಏನೂ ಮುಚ್ಚಿಡ್ತಿರ್ಲಿಲ್ಲ ಅಂದೆ. ನಾಳೆ ಎಲ್ಲರಿಗಿಂತ ಮೊದಲು ನಿಮ್ಮನ್ನೇ ಕರೀತಾರಂತೆ."